ಗಾಳಿಯನ್ನು ಯಾರೂ ಹಿಡಿಯಲಿಲ್ಲ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋಗಿ ಮೈಲಾರೆಪ್ಪ ಎಂದು ಕೇಳಿದರೆ ಲಗೂನೆ ಯಾರಿಗೂ ಗುರುತು ಹತ್ತುವುದಿಲ್ಲ. ಗಾಳಿ ಎಂದು ಕೇಳಬೇಕು. ಆಗ ಯಾವ ಹಮಾಲನಾದರೂ ಕೈ ಮಾಡಿ ತೋರಿಸುತ್ತಾನೆ. ತಲೆಗೆ ಗೋಣಿಯ ಕೊಪ್ಪೆ ಹಾಕಿಕೊಂಡು, ಬೆನ್ನ ಮೇಲೆ ಚೀಲ ಹೊತ್ತು, ಸೀನದೆ ಕೆಮ್ಮದೆ ಲಾರಿಯ ಹಲಗೆ ಏರುವ ಉದ್ದನೆಯ ಮನುಷ್ಯ. ಅವನೇ ನನ್ನ ತಮ್ಮ.

ಆ ಹೆಸರು ಕಬಡ್ಡಿಯಿಂದ ಬಂತು. ಆಟ ಎಲ್ಲರಿಗೂ ಗೊತ್ತಿರುವುದೇ. ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಎನ್ನುತ್ತ ಎದುರಿನವರ ಅಂಕಣಕ್ಕೆ ಹೋಗಬೇಕು, ಒಬ್ಬನನ್ನಾದರೂ ಮುಟ್ಟಬೇಕು, ಅವರು ಹಿಡಿದು ಕೆಡವುವುದರೊಳಗೆ ನಡುಗೆರೆಗೆ ಮರಳಬೇಕು. ಮೈಲಾರೆಪ್ಪ ಹೋದರೆ ಮುಟ್ಟದೆ ಬರುತ್ತಿರಲಿಲ್ಲ, ಸಿಗುತ್ತಲೂ ಇರಲಿಲ್ಲ. ಸುತ್ತಿನ ಊರುಗಳಲ್ಲಿ ಪಂದ್ಯ ಇಟ್ಟರೆ ಬ್ಯಾಡಗಿ ಹಮಾಲರ ತಂಡ ಬರುತ್ತದೋ ಇಲ್ಲವೋ ಎಂದು ಮೊದಲು ವಿಚಾರಿಸುತ್ತಿದ್ದರು. ಮೈಕಿನವನು, "ಗಾಳಿ ಬಂತು ನೋಡ್ರಪಾ, ಮುಷ್ಟ್ಯಾಗ ಹಿಡೀತೀರೇನು ನೋಡ್ರಿ" ಎನ್ನುತ್ತಿದ್ದ. ಜನ ನಗುತ್ತಿದ್ದರು. ಇವನು ತಲೆ ತಗ್ಗಿಸಿ ತಾನೂ ನಗುತ್ತಿದ್ದ.

ಅವನ ಹೆಂಡತಿ ಜಯವ್ವ ಮಾತ್ರ ಆ ಹೆಸರಿಗೆ ಮರುಳಾದವಳಲ್ಲ. "ಹೊರಗ ಗಾಳಿ, ಮನ್ಯಾಗ ಗ್ವಾಡಿ. ಒಂದ ಕೊಡ ನೀರ ತಾ ಅಂದ್ರ ಅಳ್ಳಾಡೂದಿಲ್ಲ ಯಕ್ಕಾ ಇವ" ಎನ್ನುತ್ತಿದ್ದಳು.

ನನ್ನ ಗಂಡ ತೀರಿಕೊಂಡ ವರ್ಷ ನಾನು ತವರಿಗೆ ಬಂದೆ. ಅದೇ ವರ್ಷ ನಮ್ಮವ್ವನೂ ಹೋದಳು. ಮೈಲಾರೆಪ್ಪನಿಗೆ ಆಗ ಆರು ವರ್ಷ. ನಾನು ಪೇಟೆಯಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಮುರಿಯುವ ಕೆಲಸಕ್ಕೆ ಕುಳಿತರೆ ಅವನು ಪಕ್ಕದಲ್ಲಿ ಕಣ್ಣುಜ್ಜಿಕೊಂಡು ಕುಳಿತಿರುತ್ತಿದ್ದ. ಖಾರದ ಕೈಯಿಂದ ಅವನನ್ನು ಮುಟ್ಟುವಂತಿರಲಿಲ್ಲ. ಸಂಜೆ ಮನೆಗೆ ಬಂದು, ಕೈಗೆ ಮಜ್ಜಿಗೆ ಸವರಿ ತೊಳೆದುಕೊಂಡ ಮೇಲೆಯೇ ಎತ್ತಿಕೊಳ್ಳುತ್ತಿದ್ದೆ. ಅಲ್ಲಿಯತನಕ ಎದುರಿಗೆ ನಿಂತು, "ಕೈ ತಂಪಾತೇನ ಯಕ್ಕಾ" ಎಂದು ಕೇಳುತ್ತಲೇ ಇರುತ್ತಿದ್ದ. ಯಾರಾದರೂ ಹಿಡಿದುಕೊಂಡರೆ ಅವನಿಗೆ ನಿದ್ದೆ. ಇಲ್ಲದಿದ್ದರೆ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಮಲಗುತ್ತಿದ್ದ.

ಕಬಡ್ಡಿ ಕಲಿತದ್ದು ನಮ್ಮ ಕೇರಿಯ ಹಿಂದಿನ ಹಳ್ಳದ ಉಸುಕಿನಲ್ಲಿ. ನಮ್ಮ ಕೇರಿ ಊರಿಗೆ ಹೊರಗೆ, ಯಾವ ಕೇರಿ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಆ ಉಸುಕಿನಲ್ಲಿ ಇವನೂ ಎಲ್ಲರಂತೆ ಸಿಕ್ಕಿಬೀಳುತ್ತಿದ್ದ, ಮೊಣಕಾಲು ಕೆತ್ತಿಸಿಕೊಂಡು ಬರುತ್ತಿದ್ದ. ಹೊರ ಊರುಗಳಿಗೆ ಹೋಗತೊಡಗಿದ ಮೇಲೆ ಸಿಗದವನಾದ. ಕೇರಿಯಲ್ಲಿ ಸಿಗುವವನು ಹೊರಗೆ ಯಾಕೆ ಸಿಗುವುದಿಲ್ಲ ಎಂದು ನಾವು ಕೇಳಿಕೊಳ್ಳದೆ ಇರಲಿಲ್ಲ. ನಮ್ಮ ಹತ್ತಿರ ಅದಕ್ಕೆ ಉತ್ತರವೂ ಇತ್ತು. ಭಂಡಾರ.

ದೇವರಗುಡ್ಡದ ಮಾಲತೇಶ ನಮ್ಮ ಮನೆದೇವರು. ವರ್ಷಕ್ಕೊಮ್ಮೆ ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸಿ ಗುಡ್ಡಕ್ಕೆ ಹೋಗಿ, ದೇವರ ಅರಿಶಿನಪುಡಿಯನ್ನು ಗಂಟು ಕಟ್ಟಿಕೊಂಡು ತರುತ್ತೇನೆ. ಅದೇ ಭಂಡಾರ. ಅವನು ಮೊದಲ ಸಲ ಹೊರ ಊರಿಗೆ ಆಡಲು ಹೊರಟ ದಿನ ಹಣೆಗೆ ಹಚ್ಚಿದೆ, ಮನಸ್ಸು ತಡೆಯದೆ ತೋಳಿಗೂ ಮುಂಗೈಗೂ ತೊಡೆಗೂ ಸವರಿದೆ. ಆ ದಿನ ಒಮ್ಮೆಯೂ ಸಿಗದೆ ಗೆದ್ದು ಬಂದ. ಅಂದಿನಿಂದ ಅದು ಪದ್ಧತಿಯಾಯಿತು. ಮೈತುಂಬ ಹಳದಿಯಾಗಿ ಅಂಕಣಕ್ಕೆ ಇಳಿಯುವವನು ಅವನೊಬ್ಬನೇ. "ಮಾಲತೇಶ ಮೈಮ್ಯಾಲೆ ಇರ್ತಾನ, ಹಿಡಿಯಾಕ ಬರೂದಿಲ್ಲ" ಎಂದು ಕೇರಿಯವರು ಹೇಳುತ್ತಿದ್ದರು. ಎದುರಿನ ತಂಡದವರೂ ಅದನ್ನೇ ಹೇಳುತ್ತಿದ್ದರು. ಅವರ ಬಾಯಿಂದ ಕೇಳಿದಾಗ ನಮಗೆ ಇನ್ನಷ್ಟು ಖರೇ ಅನಿಸುತ್ತಿತ್ತು.

ಎದುರಿನವರಲ್ಲಿ ದೊಡ್ಡ ಆಟಗಾರರೆಂದರೆ ಅಂದಾನೆಪ್ಪ ಗೌಡರು. ಬಾಜೂ ಊರಿನವರು, ನೀರಾವರಿ ಹೊಲ ಇದ್ದವರು, ತಮ್ಮ ಮೆಣಸಿನಕಾಯಿಯನ್ನು ನಮ್ಮ ಪೇಟೆಗೇ ತರುತ್ತಿದ್ದರು. ಗೌಡರು ಕಾಲು ಹಿಡಿದರೆ ಎತ್ತು ಕೂಡ ನಿಲ್ಲಬೇಕು ಎಂಬ ಮಾತಿತ್ತು. ಅಂಥವರಿಗೂ ಮೈಲಾರೆಪ್ಪ ಸಿಗಲಿಲ್ಲ. ಗೌಡರಿಗೆ ಅದರ ಸಿಟ್ಟು ಇರಲಿಲ್ಲ. ಆಟ ಮುಗಿದ ಮೇಲೆ ಹೊಸದೊಂದು ಟಾವೆಲ್ಲು ತರಿಸಿ, "ತಗೋಳೋ ಗಾಳಿ" ಎಂದು ದೂರದಿಂದ ಎಸೆಯುತ್ತಿದ್ದರು. ಇವನು ಜಿಗಿದು ಮೇಲೆಯೇ ಹಿಡಿಯುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು. ಆ ಟಾವೆಲ್ಲುಗಳು ನಮ್ಮ ಮನೆಯಲ್ಲಿ ಬಳಕೆಗೆ ಬರಲಿಲ್ಲ. ಮಡಿಕೆ ಮುರಿಯದೆ ಟ್ರಂಕಿನಲ್ಲಿದ್ದವು.

ಎರಡು ಸಾವಿರದ ನಾಲ್ಕನೆಯ ಇಸವಿಯ ದೀಪಾವಳಿ ದಾಟಿದ ಮೇಲೆ ಧಾರವಾಡದಿಂದ ರಂಜನಾ ಎಂಬ ಹೆಣ್ಣುಮಗಳು ಬಂದಳು. ಯುನಿವರ್ಸಿಟಿಯಲ್ಲಿ ದೊಡ್ಡ ಓದು ಓದುತ್ತಿದ್ದಳು. ಆಟ ಆಡುವಾಗ ಜನ ಒಬ್ಬರನ್ನೊಬ್ಬರು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದನ್ನು ಲೆಕ್ಕ ಹಾಕಿ ನೋಡುವುದು ಅವಳ ಅಭ್ಯಾಸವಂತೆ. ಮೂರು ಕಾಲಿನ ಕೋಲಿನ ಮೇಲೆ ಸಣ್ಣ ಕ್ಯಾಮೆರಾ ನಿಲ್ಲಿಸಿ, ತಾನು ನೆಲದ ಮೇಲೆ ಕುಳಿತು, ಪ್ರತಿ ಸಲ ಯಾರು ದಾಳಿಗೆ ಹೋದರು, ಅವರನ್ನು ಯಾರು ಹಿಡಿದರು, ಎಲ್ಲಿ ಹಿಡಿದರು, ಮಣಿಕಟ್ಟೋ ಸೊಂಟವೋ ಕಾಲೋ, ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ಒಂದು ಹಂಗಾಮು ಪೂರ್ತಿ ಕದರಮಂಡಲಗಿ, ಕಾಗಿನೆಲೆ, ರಾಣೆಬೆನ್ನೂರು ಎಂದು ಪಂದ್ಯ ಇದ್ದಲ್ಲಿ ಅವಳಿದ್ದಳು. ನಮ್ಮ ಮನೆಗೂ ಬರತೊಡಗಿದಳು. ಹಾಸಿದ ಕಂಬಳಿಯ ಮೇಲೆ ಕುಳಿತು ಚಹಾ ಕುಡಿದಳು. ಮೈಲಾರೆಪ್ಪನ ನಡೆಯೇ ಬದಲಾಯಿತು.

"ಪುಸ್ತಕದಾಗ ನನ್ನ ಆಟ ಬರ್ತೈತಿ ಯಕ್ಕಾ. ಧಾರವಾಡದಾಗ ಓದ್ತಾರ" ಎಂದ.

"ಹಂಗಾರ ಇನ್ನಮ್ಯಾಲೆ ನೀರ ತರೂದು ಪೂರಾ ಬಿಟ್ಟಂಗ" ಎಂದಳು ಜಯವ್ವ.

ಮುಂದಿನ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ರಂಜನಾ ಮಡಚುವ ಕಂಪ್ಯೂಟರ್ ತಂದಳು. ತಂದವಳು ಕೂಡಲೇ ತೆರೆಯಲಿಲ್ಲ. ಮೊದಲು ನೀರು ಕೇಳಿದಳು, ಆಮೇಲೆ ಮೈಲಾರೆಪ್ಪನ ಮಕ್ಕಳ ಶಾಲೆಯ ಮಾತು ತೆಗೆದಳು.

"ನಿಮಗ ತೋರಿಸಬೇಕೋ ಬ್ಯಾಡೋ ಅಂತ ಭಾಳ ವಿಚಾರ ಮಾಡಿದೆ ಮೈಲಾರೆಪ್ಪಾರ" ಎಂದಳು ಕಡೆಗೆ. "ಆದ್ರ ನಿಮ್ಮ ಆಟ ಅದ. ನಿಮಗ ಗೊತ್ತಿಲ್ಲದ ನಾ ಬರಕೊಂಡ ಹೋಗೂದು ಸರಿ ಅಲ್ಲ."

"ತೋರಸ್ರಿ ಮೇಡಮ್ಮಾರ. ನನ್ನ ಆಟ ನಾನ ಎಂದೂ ನೋಡಿಲ್ಲ."

ಅದು ನಿಜ. ದಾಳಿಗೆ ಹೋದವನು ಮುಟ್ಟಿದ ಕೂಡಲೇ ಗೆರೆಯ ಕಡೆ ತಿರುಗುತ್ತಾನೆ. ಬೆನ್ನ ಹಿಂದೆ ಏನಾಗುತ್ತದೆ ಎಂಬುದು ಅವನಿಗೆ ಕಾಣುವುದಿಲ್ಲ. ಹಿಂದೆ ಕೈಗಳು ಬರುತ್ತಿವೆ, ತಾನು ಅವನ್ನು ದಾಟಿ ಹೋಗುತ್ತಿದ್ದೇನೆ ಎಂದೇ ಅವನು ಹದಿನೈದು ವರ್ಷ ಓಡಿದ್ದ.

ಮೊದಲು ತನ್ನನ್ನು ತಾನು ಚಿತ್ರದಲ್ಲಿ ಕಂಡು ನಕ್ಕ. "ನಾ ಇಷ್ಟ ಬಡಕ ಅದೇನೇನು" ಎಂದ. ಆಮೇಲೆ ರಂಜನಾ ಆಟವನ್ನು ನಿಧಾನ ಮಾಡಿದಳು. ಹಳದಿ ಮೈಯವನು ಒಬ್ಬನನ್ನು ಮುಟ್ಟಿ ತಿರುಗಿದ. ಹಿಂದೆ ಗೌಡರು ಎರಡೂ ಕೈ ಚಾಚಿ ಬಂದರು. ಕೈಗಳು ಅವನ ಸೊಂಟದ ಹತ್ತಿರ ಬಂದವು. ಅಲ್ಲಿ ನಿಂತವು. ಬೆರಳು ಅಗಲಿಸಿಕೊಂಡು, ಬಿಸಿ ಭಾಂಡೆಯ ಹತ್ತಿರ ಹೋದ ಕೈ ನಿಲ್ಲುವಂತೆ ನಿಂತವು. ಅವನು ಗೆರೆ ದಾಟಿದ ಮೇಲೆ ಕೆಳಗಿಳಿದವು. ಇನ್ನೊಂದು ದಾಳಿ. ಬೇರೊಬ್ಬರ ಕೈ, ಹಾಗೆಯೇ. ಮತ್ತೊಂದು ಊರಿನ ತಂಡ. ಹಾಗೆಯೇ.

"ಬ್ಯಾರೆಯವರನ್ನ ಈ ತಂಡದವರು ಎರಡ ಸಲಕ್ಕೊಮ್ಮೆ ಹಿಡದಾರ" ಎಂದಳು ರಂಜನಾ. "ನಿಮ್ಮನ್ನ ಹಂಗಾಮ ಪೂರ್ತಿ ಒಮ್ಮೆನೂ ಹಿಡದಿಲ್ಲ. ನಿಮ್ಮ ಕೇರಿಯವರು, ಬ್ಯಾರೆ ಹಮಾಲರು ಆಡಿದಾಗ ನೀವೂ ಎಲ್ಲಾರ ಹಂಗ ಸಿಕ್ಕೀರಿ." ಎರಡು ಚಿತ್ರಗಳನ್ನು ಬಾಜೂಬಾಜೂ ಇಟ್ಟಳು. "ಇದು ನಿಮ್ಮ ಕೇರಿ ಹುಡುಗರ ಜೋಡಿ ಆಡಿದ್ದು. ಆಟ ಮುಗಿದದ, ಎಲ್ಲಾರ ಬನಿಯನ್ನೂ ಹಳದಿ. ಇದು ಗೌಡ್ರ ತಂಡ. ಇದೂ ಆಟ ಮುಗಿದ ಮ್ಯಾಲಿಂದ."

ಗೌಡರ ತಂಡದವರ ಬನಿಯನ್ನುಗಳು ತೊಳೆದಿಟ್ಟಂತೆ ಬಿಳಿಯಾಗಿದ್ದವು.

ಆ ಬನಿಯನ್ನುಗಳನ್ನು ನಾವು ವರ್ಷಗಟ್ಟಲೆ ಕಣ್ಣೆದುರಿಗೇ ನೋಡಿದ್ದೆವು. ನೋಡಿ, ದೇವರು ದೊಡ್ಡವನು ಎಂದುಕೊಂಡಿದ್ದೆವು.

ಮೈಲಾರೆಪ್ಪ ಗೌಡರ ತಂಡದ ಚಿತ್ರವನ್ನು ಇನ್ನೊಮ್ಮೆ ಬಗ್ಗಿ ನೋಡಿದ. ಆಮೇಲೆ, "ದೇವರಿಗೆ ಅಂಜಿ ಹಿಡದಿರಲಿಕ್ಕಿಲ್ಲರಿ" ಎಂದ. "ಭಂಡಾರ ಹಚ್ಚಿರ್ತೇನಲ್ಲರಿ."

"ಹಂಗೂ ಇರಬಹುದು. ಇಲ್ಲಾ ನೀವು ಖರೇನ ಅಷ್ಟ ಚುರುಕ ಇರಬಹುದು. ಪರೀಕ್ಷೆ ಮಾಡಿ ನೋಡಿದ್ರ ಗೊತ್ತಾಗ್ತದ."

ಅವಳು ಪರೀಕ್ಷೆಯ ರೀತಿ ಹೇಳಿದಳು. ಒಂದೇ ದಿನ, ಒಂದೇ ನೆಲ, ಎರಡು ಆಟ. ಮುಂಜಾನೆ ಇವನನ್ನು ಎಂದೂ ಕಾಣದವರ ಜೊತೆ, ಮಧ್ಯಾಹ್ನ ಗೌಡರ ತಂಡದ ಜೊತೆ. ಇವನ ತಂಡದಲ್ಲಿ ವೀರೇಂದ್ರ ಎಂಬ ಹುಡುಗನನ್ನೂ ಆಡಿಸುವುದು. ಅವನು ರಾಣೆಬೆನ್ನೂರಿನ ಬೀಜದ ವ್ಯಾಪಾರಿಯ ಮಗ, ಗೌಡರ ಪೈಕಿಯವನೇ. ಅವನ ಮೈಗೂ ಅದೇ ಭಂಡಾರ ಹಚ್ಚುವುದು. ದೇವರ ಅಂಜಿಕೆ ಇದ್ದರೆ ಇಬ್ಬರನ್ನೂ ಹಿಡಿಯಬಾರದು. ಯಾಕೆ ಆಡಿಸುತ್ತಿದ್ದಾರೆಂದು ಗೌಡರಿಗೆ ಮೊದಲು ಹೇಳುವಂತಿಲ್ಲ, ಆಮೇಲೆ ಹೇಳುವುದು.

"ಬ್ಯಾಡ ಅನ್ರಿ, ಬಿಟ್ಟಬಿಡ್ತೇನಿ" ಎಂದಳು ರಂಜನಾ.

"ಮಾಡ್ರಿ" ಎಂದ ಮೈಲಾರೆಪ್ಪ. "ಈ ಕಾಲು ಖರೇ ಅದಾವೋ ಇಲ್ಲೋ, ಅಷ್ಟ ಗೊತ್ತಾಗ್ಲಿ ನನಗ. ಬ್ಯಾರೆ ಏನೂ ಬ್ಯಾಡ."

ಪರೀಕ್ಷೆಯ ದಿನ ನಾನೂ ಜಯವ್ವನೂ ರೊಟ್ಟಿ ಕಟ್ಟಿಕೊಂಡು ಅವನ ಜೊತೆ ಹಾವೇರಿಗೆ ಹೋದೆವು. ಭಂಡಾರದ ಗಂಟು ನನ್ನ ಮಡಿಲಲ್ಲಿತ್ತು. ಸೀಟಿ ಊದುವವರು ರಾಣೆಬೆನ್ನೂರಿನ ಗೂಡುಸಾಬರು. ಸೈಕಲ್ ರಿಪೇರಿ ಅಂಗಡಿಯವರು, ನಮ್ಮ ಕಡೆಯ ಎಲ್ಲ ಪಂದ್ಯಕ್ಕೂ ಅವರೇ. ಮುಂಜಾನೆಯ ಆಟಕ್ಕೆ ಎದುರಿಗೆ ಇದ್ದವರು ಮಂಗಳೂರು ಕಡೆಯಿಂದ ತರಬೇತಿಗೆ ಬಂದ ಹುಡುಗರು. ಅವರಿಗೆ ಬ್ಯಾಡಗಿ ಯಾವ ಕಡೆ ಎಂಬುದೂ ಗೊತ್ತಿರಲಿಲ್ಲ.

ಮೈಲಾರೆಪ್ಪ ಗೆರೆ ಮುಟ್ಟಿ ನಮಸ್ಕರಿಸಿ ಹೋದ. ಮೊದಲನೆಯ ದಾಳಿಯಲ್ಲೇ ಸಿಕ್ಕ. ಒಬ್ಬ ಕಾಲಿಗೆ ಬಿದ್ದ, ಒಬ್ಬ ಸೊಂಟಕ್ಕೆ ಸುತ್ತಿಕೊಂಡ, ಮೂರನೆಯವನು ಬೆನ್ನ ಮೇಲೆಯೇ ಹತ್ತಿದ. ನಾಲ್ಕೂ ಮಂದಿ ಮಣ್ಣಿನಲ್ಲಿ ಒಂದೇ ಗುಡ್ಡೆಯಾದರು. ಜಯವ್ವ ಎದ್ದು ನಿಂತಳು. ಅವನು ಕೆಳಗಿನಿಂದ ಎದ್ದು ಮೈ ಕೊಡವಿ, ಆ ಹುಡುಗರ ಬನಿಯನ್ನು ನೋಡಿದ. ಎದೆಯ ಮೇಲೆ, ಹೊಟ್ಟೆಯ ಮೇಲೆ, ತೋಳಿನ ಮೇಲೆ ಹಳದಿ. ಸಿಕ್ಕಿಬಿದ್ದವನ ಮುಖ ಅದಲ್ಲ. ಕೈ ತಂಪಾಯಿತೇ ಎಂದು ಕೇಳುತ್ತ ನಿಂತಿದ್ದವನನ್ನು ನಾನು ಎತ್ತಿಕೊಂಡಾಗ ಇರುತ್ತಿದ್ದ ಮುಖ.

ಮತ್ತೆ ಮತ್ತೆ ಹಿಡಿದರು. ಮತ್ತೆ ಮತ್ತೆ ಎದ್ದ. ಆದರೆ ಎರಡು ಸಲ ಸಿಕ್ಕ ಮೇಲೂ ಬಿಡಿಸಿಕೊಂಡು ಬಂದ. ಎರಡನೆಯ ಸಲ ಒಬ್ಬ ಹುಡುಗ ಅವನ ಬಲ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದು ಜೋತುಬಿದ್ದಿದ್ದ. ಇವನು ಉಸಿರು ಬಿಡದೆ, ಅವನನ್ನು ಎಳೆದುಕೊಂಡೇ ಬಂದು, ಕೈ ತಿರುವಿ ಕಿತ್ತುಕೊಂಡು, ಎಡಗೈಯ ಬೆರಳ ತುದಿಯಿಂದ ಗೆರೆ ಮುಟ್ಟಿದ. ಆಟ ಅವರು ಗೆದ್ದರು. ಇವನು ಸೋತು ನಮ್ಮ ಕಡೆ ಓಡಿ ಬಂದ.

"ಯಕ್ಕಾ, ಇಲ್ಲೆ ನೋಡು. ಹಿಡದಿದ್ದ. ಗಟ್ಟ್ಯಾಗಿ ಹಿಡದಿದ್ದ ಅವ. ನಾ ಬಿಡಿಸಿಕೊಂಡ ಬಂದೆ."

ಮಣಿಕಟ್ಟಿನ ಮೇಲೆ ಉಗುರು ಕೆತ್ತಿ ರಕ್ತ ಬಂದಿತ್ತು. ಜಯವ್ವ ಒಂದು ಚಿಟಿಕೆ ಭಂಡಾರ ಒತ್ತಲು ಹೋದಳು. ಅರಿಶಿನ ಹಚ್ಚಿದರೆ ಗಾಯ ಲಗೂ ಮಾಯುತ್ತದೆ. ಅವನು ಕೈ ಹಿಂದಕ್ಕೆ ಎಳೆದುಕೊಂಡ. "ಇರ್ಲಿ ಬಿಡು" ಎಂದ.

ಮಧ್ಯಾಹ್ನ ಗೌಡರ ತಂಡ ಬಂತು. "ಏನೋ ಗಾಳಿ, ಹಾವೇರಿಮಟಾ ಬೀಸಾಕತ್ತೀಯಲ್ಲೋ" ಎಂದು ಗೌಡರು ನಕ್ಕರು. ಇವನೂ ಕೈ ಮುಗಿದು ನಕ್ಕ. ನಾನು ಇಬ್ಬರಿಗೂ ಹೊಸದಾಗಿ ಭಂಡಾರ ಹಚ್ಚಿದೆ, ಇವನಿಗೂ ವೀರೇಂದ್ರನಿಗೂ.

ಮೊದಲು ವೀರೇಂದ್ರ ಹೋದ. ಗೌಡರು ನೇರವಾಗಿ ಬಂದು ಅವನ ಸೊಂಟ ಹಿಡಿದು ಎತ್ತಿ ಕೆಡವಿದರು. ಎದ್ದು ನಿಂತಾಗ ಅವರ ಎರಡೂ ಅಂಗೈ ಹಳದಿ. ಅಂಗೈಯನ್ನು ಬನಿಯನ್ನಿಗೆ ಒರೆಸಿಕೊಂಡರು. ವರ್ಷವರ್ಷವೂ ಗುಡ್ಡ ಹತ್ತಿ ತಂದ ಭಂಡಾರ. ಅದಕ್ಕೆ ಅವರು ಅಂಜಿರಲಿಲ್ಲ.

ಆಮೇಲೆ ಮೈಲಾರೆಪ್ಪ ಹೋದ. ಒಬ್ಬನನ್ನು ಮುಟ್ಟಿ ತಿರುಗಿದ. ಯಾವಾಗಲೂ ನೇರ ಗೆರೆಗೆ ಓಡುವವನು ಆ ದಿನ ಕುತ್ತಿಗೆ ಹೊರಳಿಸಿ ಹಿಂದೆ ನೋಡಿದ. ನೋಡುತ್ತಲೇ ಗೆರೆ ದಾಟಿದ. ಎರಡನೆಯ ಸಲವೂ ಹಾಗೆಯೇ. ಅವನಿಗೆ ಕಂಡಿತು.

ಮೂರನೆಯ ಸಲ ಹೋದವನು ಮುಟ್ಟಿದ, ತಿರುಗಲಿಲ್ಲ. ಅವರ ಅಂಕಣದ ನಡುವೆ ನಿಂತ. ಗೌಡರಿಗೆ ಎದುರಾಗಿ, ಎರಡೂ ಕೈ ಸ್ವಲ್ಪ ಅಗಲಿಸಿ, ಕಬಡ್ಡಿ ಕಬಡ್ಡಿ ಎನ್ನುತ್ತ ನಿಂತ. ಆಟದಲ್ಲಿ ಬೇರೆ ಮಾತು ಆಡುವಂತಿಲ್ಲ, ಅದೊಂದೇ ಮಾತು.

ಮೊದಲು ಜನ ನಕ್ಕರು. ಏನೋ ಹೊಸ ಆಟ ತೆಗೆದಿದ್ದಾನೆ ಎಂದುಕೊಂಡರು.

"ಹೋಗೋ, ಗೆರಿ ಆ ಕಡೆ ಐತಿ" ಎಂದರು ಗೌಡರು.

"ಕಬಡ್ಡಿ ಕಬಡ್ಡಿ ಕಬಡ್ಡಿ."

"ಹುಚ್ಚ ಹಿಡದೈತೇನಲೇ. ಹೋಗೋ."

ಅವನು ಒಂದು ಹೆಜ್ಜೆ ಮುಂದೆ ಹೋದ. ಗೌಡರು ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಅವರಿಗೇ ನಾಚಿಕೆಯಾಯಿತೋ ಏನೋ, ಮುಂದೆ ಬಂದು ಕೈ ಚಾಚಿದರು. ಹಳದಿ ಹತ್ತಿದ ಆ ಕೈಗಳು ನನ್ನ ತಮ್ಮನ ತೋಳಿನ ಹತ್ತಿರ ಬಂದು, ಚಿತ್ರದಲ್ಲಿ ಕಂಡ ಹಾಗೆಯೇ ಬೆರಳಗಲಿಸಿ ನಿಂತವು. ಉಳಿದವರು ಗೌಡರ ಮುಖ ನೋಡುತ್ತಿದ್ದರು. ಜನರ ನಗು ನಿಂತಿತು. ಇವನ ಧ್ವನಿ ಸಣ್ಣದಾಗುತ್ತ ಬಂತು. ಕೊರಳ ನರ ಉಬ್ಬಿ, ಕಣ್ಣು ಕೆಂಪಾಗಿ, ತುಟಿ ಮಾತ್ರ ಅಲ್ಲಾಡುತ್ತಿತ್ತು. ಜಯವ್ವ ನನ್ನ ರಟ್ಟೆ ಹಿಡಿದುಕೊಂಡು, "ಯಾರರ ಹಿಡೀರಿ ಅವನ್ನ, ಯಾರರ ಹಿಡೀರಿ" ಎಂದು ತನ್ನಷ್ಟಕ್ಕೆ ಅನ್ನುತ್ತಿದ್ದಳು.

ಉಸಿರು ಮುಗಿಯಿತು. ಉಸಿರು ಬಿಟ್ಟವನು ಔಟ್, ಅದು ನಿಯಮ. ಗೂಡುಸಾಬರು ಸೀಟಿಯನ್ನು ಬಾಯಿಗಿಟ್ಟುಕೊಂಡು ಇನ್ನೂ ಕಾದರು. ಆಮೇಲೆ ಊದಿದರು.

ಮೈಲಾರೆಪ್ಪ ತಾನೇ ನಡೆದು ಹೊರಗೆ ಬಂದು ಕುಳಿತ. ಆಟ ಮುಗಿದ ಮೇಲೆ ಗೌಡರು ರೂಢಿಯಂತೆ ಟಾವೆಲ್ಲು ಎಸೆದರು. ಅವನು ಕೈ ಎತ್ತಲಿಲ್ಲ. ಅದು ಅವನ ಕಾಲ ಹತ್ತಿರ ಬಿತ್ತು. ಗೂಡುಸಾಬರು ಎತ್ತಿ ಮಣ್ಣು ಕೊಡವಿ, ಅವನ ಬೆನ್ನು ಒರೆಸಿ, ಹೆಗಲ ಮೇಲೆ ಹಾಕಿದರು. "ಏಳಪಾ, ಬಸ್ ಹೋಕ್ಕೈತಿ" ಎಂದರು.

ಅವನು ಮತ್ತೆ ಆಡಲಿಲ್ಲ. ರಂಜನಾ ಗೌಡರಿಗೆ ಎಲ್ಲ ಹೇಳಿದಳಂತೆ. ಸುಗ್ಗಿಯಲ್ಲಿ ಗೌಡರು ಪೇಟೆಗೆ ಬಂದಾಗ ನಾನು ಅಲ್ಲೇ ತುಂಬು ಮುರಿಯುತ್ತಿದ್ದೆ. ಅವರ ಚೀಲಗಳನ್ನು ಇವನೇ ಇಳಿಸುತ್ತಿದ್ದ. ಗೌಡರು ಅವನ ಹತ್ತಿರ ಬಂದರು.

"ಅವತ್ತ ನಾ ಹಿಡೀಬೇಕಂತನ ಬಂದಿದ್ದೆ ಮೈಲಾರೆಪ್ಪಾ" ಎಂದರು. ಆ ಹೆಸರಿನಿಂದ ಅವರು ಕರೆದದ್ದು ಅದೇ ಮೊದಲು. "ಇಷ್ಟ ವರ್ಷಾನೂ ಹಿಡೀಬೇಕಂತನ ಬಂದೇನಿ ಅಂತ ತಿಳಕೊಂಡಿದ್ದೆ. ಕೈ ಬರ್ಲಿಲ್ಲ. ಯಾಕ ಬರ್ಲಿಲ್ಲೋ ನನಗ ಗೊತ್ತಿಲ್ಲ."

"ಇರ್ಲಿ ಬಿಡ್ರಿ ಗೌಡ್ರ. ನನಗೂ ಉಸಿರು ಸಾಲಲಿಲ್ಲ" ಎಂದು ಇವನು ಚೀಲಕ್ಕೆ ಬೆನ್ನು ಕೊಟ್ಟ.

ರಂಜನಾಳ ಬರವಣಿಗೆ ಮುಗಿಯಲು ಎರಡು ವರ್ಷ ಹಿಡಿಯಿತು. ಮುಗಿದ ಮೇಲೆ ಪೇಢೆ ತೆಗೆದುಕೊಂಡು ಬಂದು, ನಮಗೆ ತಿಳಿಯುವ ಹಾಗೆ ಕನ್ನಡದಲ್ಲಿ ಓದಿ ಹೇಳಿದಳು. ಅದರಲ್ಲಿ ಯಾರ ಹೆಸರೂ ಇರಲಿಲ್ಲ, ಇರಬಾರದಂತೆ. ಇಂಥ ಒಬ್ಬ ಆಟಗಾರ ಎಂದಿತ್ತು. ಹಿಡಿದ ಲೆಕ್ಕ, ಹಿಡಿಯದ ಲೆಕ್ಕ, ಭಂಡಾರದ ಮಾತು, ಎಲ್ಲ ಇತ್ತು. ಮೈಲಾರೆಪ್ಪ ಕೊನೆಯ ತನಕ ಕೇಳಿಸಿಕೊಂಡ.

"ಮೇಡಮ್ಮಾರ, ಮುಂಜಾನಿ ಆಟದಾಗ ನಾ ಎರಡ ಸಲ ಬಿಡಿಸಿಕೊಂಡ ಬಂದೆ. ಹಿಡದ ಮ್ಯಾಲೆ. ಅದನ್ನ ಎಲ್ಲೆ ಬರದೀರಿ?"

ರಂಜನಾ ಹಾಳೆಗಳನ್ನು ತಿರುವಿದಳು. ಬೇಕೆಂದೇ ನಿಧಾನವಾಗಿ ತಿರುವಿದಳು ಅನಿಸಿತು ನನಗೆ.

"ಅದು ಲೆಕ್ಕದಾಗ ನಿಲ್ಲೂದಿಲ್ರಿ ಮೈಲಾರೆಪ್ಪಾರ" ಎಂದಳು. "ಎರಡ ಸಲ ಅಂದ್ರ ಭಾಳ ಸಣ್ಣದು. ಅದರಿಂದ ಏನ ಹೇಳಾಕೂ ಬರೂದಿಲ್ಲ ಅಂತಾರ."

"ಹೌದ್ರ್ಯಾ" ಎಂದ ಅವನು. ಒಂದು ಪೇಢೆ ಬಾಯಿಗಿಟ್ಟುಕೊಂಡು, "ಪೇಢೆ ಚೊಲೋ ಅದಾವ" ಎಂದ.

ನಾನು ಈಗಲೂ ಗುಡ್ಡಕ್ಕೆ ಹೋಗಿ ಭಂಡಾರ ತರುತ್ತೇನೆ. ಅವನು ಹಣೆಗೆ ಹಚ್ಚಿಕೊಳ್ಳುತ್ತಾನೆ, ತೋಳಿಗೆ ಹಚ್ಚಿಕೊಳ್ಳುವುದಿಲ್ಲ. ಪೇಟೆಯಲ್ಲಿ ಗಾಳಿ ಎಂದೇ ಕರೆಯುತ್ತಾರೆ. ಅವನು ಓ ಅನ್ನುತ್ತಾನೆ, ಹೆಸರು ಬದಲಿಸಿರಿ ಎಂದು ಎಷ್ಟು ಮಂದಿಗೆ ಹೇಳುವುದು. ಆ ಮಣಿಕಟ್ಟಿನ ಗಾಯಕ್ಕೆ ಅವನು ಕೊನೆಯವರೆಗೂ ಏನನ್ನೂ ಹಚ್ಚಗೊಡಲಿಲ್ಲ. ಆದರೂ ಅದು ಮಾಯಿತು, ಕಲೆಯೂ ಉಳಿಯಲಿಲ್ಲ. ಒಮ್ಮೊಮ್ಮೆ ಚೀಲ ಇಳಿಸಿ ಕುಳಿತಾಗ ಬಲಗೈ ಎತ್ತಿ, ಬಿಸಿಲಿಗೆ ಹಿಡಿದು, ಆ ಜಾಗವನ್ನು ಹುಡುಕುತ್ತಿರುತ್ತಾನೆ.